ಮೆಲುಕು ಹಾಕದ ಕುರಿ

ನಾನು ದನದ ಡಾಕ್ಟರಾಗಿ ಹೊಸಕೋಟೆಯ ಕಡೆಗೆ ಬಂದಾಗ ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಮದ್ರಾಸು ರಸ್ತೆಯಲ್ಲಿ ಹಗಲೆಲ್ಲ ಮಿಲಿಟರಿ ಲಾರಿಗಳು ಧೂಳೆಬ್ಬಿಸುತ್ತಿದ್ದವು. ನನಗೆ ಇಪ್ಪತ್ತಾರು ವರ್ಷ. ಮದ್ರಾಸಿನಲ್ಲಿ ಓದಿ ಪಾಸಾದವನು ಎಂಬ ಹೆಮ್ಮೆ ನನ್ನ ಖಾಕಿ ಟೋಪಿಯಷ್ಟೇ ಗಟ್ಟಿಯಾಗಿ ತಲೆಯ ಮೇಲೆ ಕೂತಿತ್ತು. ಹೋಬಳಿಯ ದನದ ಆಸ್ಪತ್ರೆ ಎಂದರೆ ಹೆಂಚು ಹೊದಿಸಿದ ಎರಡು ಕೋಣೆ, ಮುಂದೆ ಒಂದು ಹೊಂಗೆಮರ. ಎತ್ತು ಎಮ್ಮೆಗಳನ್ನು ಕಟ್ಟಿ ಕಟ್ಟಿ, ಹಗ್ಗ ಉಜ್ಜಿ ಆ ಮರದ ಬುಡ ನುಣ್ಣಗಾಗಿತ್ತು. ನನ್ನ ಕೈಕೆಳಗೆ ಒಬ್ಬರು ಕಾಂಪೌಂಡರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಾಲ್ಕೈದು ಡಾಕ್ಟರುಗಳನ್ನು ಕಂಡವರು. ಬಂದ ಮೊದಲ ವಾರವೇ ನನಗೆ ಹೇಳಿದ್ದರು:

"ಎತ್ತು ಒದೆಯುತ್ತೆ ಸಾರ್, ಕುದುರೆ ಕಚ್ಚುತ್ತೆ. ಕುರಿ ಒಳ್ಳೇದು. ಏನು ಮಾಡಿದ್ರೂ ಸುಮ್ನಿರುತ್ತೆ."

ಅದು ನಿಜವೂ ಆಗಿತ್ತು. ಟಗರು ಮರಿಗಳ ಬೀಜ ಒಡೆಯುವ ದಿನ ಒಂದೇ ಬೆಳಿಗ್ಗೆ ಮೂವತ್ತು ನಲವತ್ತು ಮರಿಗಳು ನಮ್ಮ ಕೈ ದಾಟಿ ಹೋಗುತ್ತಿದ್ದವು. ಹಿಡಿದಾಗ ಒಂದು ಸಲ ಅರಚುತ್ತಿದ್ದವು, ಅಷ್ಟೆ. ಬಿಟ್ಟ ಮೇಲೆ ಓಡಿ ಮಂದೆಯಲ್ಲಿ ಸೇರಿಕೊಳ್ಳುತ್ತಿದ್ದವು. ಕುರಿಗೆ ನೋವು ಕಡಿಮೆ ಎಂದು ನನಗೆ ಯಾರೂ ಪಾಠ ಹೇಳಿರಲಿಲ್ಲ. ಆದರೆ ಹಾಗೇ ಅಂದುಕೊಂಡಿದ್ದೆ. ಅಂದುಕೊಳ್ಳುವುದು ಸುಲಭವಾಗಿತ್ತು.

ಸೂಲಿಬೆಲೆಯ ದಾರಿಯಲ್ಲಿ, ನಮ್ಮ ಆಸ್ಪತ್ರೆಯಿಂದ ನಾಲ್ಕು ಮೈಲಿ ದೂರದ ಒಂದು ಹಳ್ಳಿಯಿಂದ ಒಂದು ಬೆಳಿಗ್ಗೆ ಕರೆ ಬಂತು. ಕೆರೆಯ ಏರಿಯ ಹತ್ತಿರ ಎಮ್ಮೆಯೊಂದು ಕುರಿಯನ್ನು ಹಾಯ್ದಿತ್ತು. ಚರ್ಮ ಹರಿದಿರಲಿಲ್ಲ, ಆದರೆ ಬಲಗಡೆ ಹೊಟ್ಟೆಯ ಕೆಳಗೆ ತೆಂಗಿನಕಾಯಿ ಗಾತ್ರ ಊದಿಕೊಂಡಿತ್ತು. ಕೈಯಿಟ್ಟು ಒತ್ತಿದೆ. ಒಳಗೆ ಕರುಳು ಜಾರಾಡುವುದು ಬೆರಳಿಗೆ ತಿಳಿಯಿತು. ಚರ್ಮದ ಒಳಗಿನ ಮಾಂಸದ ಪದರ ಹರಿದು ಕರುಳು ಈಚೆ ಬಂದಿತ್ತು.

ಕುರಿ ಕರಿಯದು, ಮೂರನೆಯ ಸೂಲಿನದು. ಹಿಂದೆ ಹದಿನೈದು ದಿನದ ಮರಿ. ಅದನ್ನು ಸಾಕಿದವಳು ಅರವತ್ತು ದಾಟಿದ ಅಜ್ಜಿ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಮಂದೆ ಹೊಡೆದುಕೊಂಡು ಬಯಲಿಗೆ ಹೋಗುತ್ತಿದ್ದ. ಅಜ್ಜಿ ಮನೆಯಲ್ಲಿ ಉಣ್ಣೆ ನೂಲುತ್ತಾ, ಕುಂಟು ಕುರಿ, ಬಾಣಂತಿ ಕುರಿ, ತಾಯಿ ಸತ್ತ ಮರಿಗಳನ್ನು ನೋಡಿಕೊಳ್ಳುತ್ತಿದ್ದಳು. ಸೊಂಟದಲ್ಲಿ ಉಣ್ಣೆಯ ಉಂಡೆ, ಕೈಯಲ್ಲಿ ತಿರುಗುವ ಕದಿರು. ಮಾತಾಡುವಾಗಲೂ ಅದು ನಿಲ್ಲುತ್ತಿರಲಿಲ್ಲ.

"ಕುಯ್ದು ಹೊಲೀಬೇಕಾಗುತ್ತೆ ಅಜ್ಜಿ. ಉಳಿಯುತ್ತೆ ಅಂತ ಮಾತು ಕೊಡೋಕಾಗಲ್ಲ," ಎಂದೆ.

"ಉಳೀದಿದ್ರೆ ನಿಮ್ಮನ್ನೇನೂ ಅನ್ನಾಕಿಲ್ಲ ಸ್ವಾಮಿ. ಆದ್ರೆ ನನ್ನ ಕೂಸನ್ನ ಒಬ್ಬಳ್ನೇ ಬಿಡಾಕಿಲ್ಲ. ತಲೆ ನಾನೇ ಹಿಡ್ಕೋತೀನಿ," ಎಂದಳು.

ಮಾರನೆಯ ದಿನ ಬೆಳಿಗ್ಗೆ ಕಾಂಪೌಂಡರೂ ನಾನೂ ಎರಡು ಸೈಕಲ್ಲಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಹೋದೆವು. ಕುರಿ ಹಿಂದಿನ ದಿನದಿಂದ ಉಪವಾಸವಿತ್ತು. ಮನೆಯ ಪಕ್ಕದ ಕಣವನ್ನು ಗುಡಿಸಿ ಸಾರಿಸಿಟ್ಟಿದ್ದರು. ಗೋಣಿತಾಟಿನ ಮೇಲೆ ಬಿಳಿ ಬಟ್ಟೆ ಹಾಸಿ ಕುರಿಯನ್ನು ಎಡಮಗ್ಗುಲಿಗೆ ಮಲಗಿಸಿದೆವು. ಉಣ್ಣೆ ಕತ್ತರಿಸಿ, ತೊಳೆದು, ಅಯೋಡಿನ್ ಹಚ್ಚಿ, ಜಾಗಕ್ಕೆ ಜೋಮು ಹಿಡಿಸುವ ಸೂಜಿಯನ್ನು ನಾಲ್ಕಾರು ಕಡೆ ಹಾಕಿದೆ. ಅಜ್ಜಿ ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಅದರ ಕಣ್ಣು ಮುಚ್ಚಿದ್ದಳು. ನಾನು ಕುಯ್ಯುವಾಗ ಅವಳು ಮುಖ ತಿರುಗಿಸಲಿಲ್ಲ. ಕರುಳನ್ನು ಒಳಗೆ ತಳ್ಳಿದೆ. ಹರಿದ ಪದರವನ್ನು ಸೇರಿಸಿ ಹೊಲಿದೆ, ಮೇಲೆ ಚರ್ಮವನ್ನು ರೇಷ್ಮೆ ದಾರದಿಂದ ಹೊಲಿದೆ, ಸಲ್ಫಾ ಪುಡಿ ಉದುರಿಸಿದೆ. ಕೊನೆಗೆ, ಹೊಲಿಗೆ ಬಿಚ್ಚಿಕೊಳ್ಳದಿರಲಿ ಎಂದು ದಪ್ಪ ಖಾಕಿ ಬಟ್ಟೆಯ ಅಗಲವಾದ ಪಟ್ಟಿಯೊಂದನ್ನು ಹೊಟ್ಟೆಯ ಸುತ್ತ ಬಿಗಿದು ಬೆನ್ನ ಮೇಲೆ ಗಂಟು ಹಾಕಿದೆ. ಆ ಪಟ್ಟಿ ನನ್ನದೇ ಬುದ್ಧಿ. ಪುಸ್ತಕದಲ್ಲಿ ಕುದುರೆಗೆ ಹೇಳಿದ್ದನ್ನು ಕುರಿಯ ಅಳತೆಗೆ ಇಳಿಸಿದ್ದೆ. ಅದರ ಬಗ್ಗೆ ನನಗೆ ಬಹಳ ಖುಷಿಯಿತ್ತು.

ಒಂದು ಗಂಟೆಗೂ ಮೀರಿ ನಡೆದ ಈ ಕೆಲಸದಲ್ಲಿ ಕುರಿ ಒಮ್ಮೆಯೂ ಕೂಗಲಿಲ್ಲ. ಬಿಟ್ಟ ಮೇಲೆ ತೂರಾಡಿ ಎದ್ದು ನಿಂತಿತು.

"ನೋಡಿದ್ರಾ," ಎಂದರು ಕಾಂಪೌಂಡರು, ಚಾಕು ಕತ್ತರಿ ತೊಳೆಯುತ್ತಾ. "ಇದೇ ಎತ್ತಾಗಿದ್ರೆ ಈಗ ನಾವು ಮರದ ಮೇಲಿರ್ತಿದ್ವಿ."

ಮಾರನೆಯ ದಿನ ಒಬ್ಬನೇ ನೋಡಲು ಹೋದೆ. ಸೈಕಲ್ ಗಂಟೆ ಕೇಳಿಯೇ ಇರಬೇಕು, ನಾನು ರೊಪ್ಪದ ಬಾಗಿಲಿಗೆ ಬರುವಷ್ಟರಲ್ಲಿ ಕುರಿ ತಲೆಯೆತ್ತಿ ನಿಂತಿತ್ತು. ರೊಪ್ಪ ಎಂದರೆ ಬಿದಿರ ತಡಿಕೆ ಕಟ್ಟಿದ ಕುರಿದೊಡ್ಡಿ. ಜೊತೆಗಿರಲೆಂದು ಇನ್ನೊಂದು ಕುರಿಯನ್ನೂ ಅಲ್ಲೇ ಬಿಟ್ಟಿದ್ದರು. ಜ್ವರ ನೋಡಿದೆ, ಸ್ವಲ್ಪ ಹೆಚ್ಚಿತ್ತು. ಅಷ್ಟು ಇರಬೇಕಾದ್ದೇ. ನಾಡಿ ನೋಡಿದೆ. ಹಸಿ ಗರಿಕೆಯನ್ನು ಮೂತಿಗೆ ಹಿಡಿದೆ, ತೆಗೆದುಕೊಂಡಿತು. ನನ್ನ ಪುಸ್ತಕದಲ್ಲಿ "ನಿಂತಿದೆ, ಮೇವು ತಿನ್ನುತ್ತಿದೆ, ನೋವಿಲ್ಲ" ಎಂದು ಬರೆದುಕೊಂಡೆ.

"ಚೆನ್ನಾಗಿದಾಳೆ ಅಜ್ಜಿ ನಿಮ್ಮ ಕೂಸು."

ಅಜ್ಜಿ ಕದಿರು ತಿರುಗಿಸುತ್ತಲೇ, "ಇಲ್ಲ ಸ್ವಾಮಿ. ಚೆನ್ನಾಗಿಲ್ಲ," ಎಂದಳು.

"ಹುಲ್ಲು ತಿಂತಾ ಇದೆಯಲ್ಲಮ್ಮ."

"ತಿಂತಿಲ್ಲ. ಬಾಯಾಗೆ ಇಟ್ಕೊಂಡವ್ಳೆ."

ತಿರುಗಿ ನೋಡಿದೆ. ಗರಿಕೆಯ ಎಸಳುಗಳು ತುಟಿಯ ಪಕ್ಕದಲ್ಲಿ ಇಣುಕುತ್ತಿದ್ದವು. ದವಡೆ ಅಲ್ಲಾಡುತ್ತಿರಲಿಲ್ಲ. ಹೊಸಬರನ್ನು ಕಂಡು ಹೆದರಿದೆ ಎಂದೆ. ಓದು ಬಾರದ ಮುದುಕಿ ನನ್ನ ಕೆಲಸಕ್ಕೆ ತಪ್ಪು ಹೇಳಿದಳಲ್ಲ ಎಂದು ದಾರಿಯುದ್ದಕ್ಕೂ ಸಿಟ್ಟಿನಲ್ಲೇ ಸೈಕಲ್ ತುಳಿದೆ.

ಅದರ ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆರೆಯುವಾಗ ಅಜ್ಜಿ ಹೊಂಗೆಮರದ ಕೆಳಗೆ ಕೂತಿದ್ದಳು. ನಾಲ್ಕು ಮೈಲಿ ನಡೆದು ಬಂದಿದ್ದಳು. ಕಾಲಿನ ಮೇಲೆ ಧೂಳು ಮೊಳಕಾಲಿನವರೆಗೆ.

"ಬಂದು ನೋಡಪ್ಪ," ಎಂದಳು. 'ಸ್ವಾಮಿ' ಹೋಗಿ 'ಅಪ್ಪ' ಬಂದಿತ್ತು. ಮನೆಯ ಹುಡುಗನನ್ನು ಕರೆದ ಹಾಗಿತ್ತು.

"ನಿನ್ನೆ ತಾನೆ ನೋಡಿದೆನಲ್ಲ ಅಜ್ಜಿ."

"ನಿನ್ನೆ ನೀನು ನೋಡಲಿಲ್ಲ ಕಣಪ್ಪ. ಅವಳು ನಿನ್ನ ನೋಡಿದ್ಲು."

ಕಾಂಪೌಂಡರಿಗೆ ಆಸ್ಪತ್ರೆ ಒಪ್ಪಿಸಿ, ಸೈಕಲ್ ತಳ್ಳಿಕೊಂಡು ಅವಳ ಜೊತೆ ನಡೆದೇ ಹೋದೆ. ಊರು ಹತ್ತಿರವಾದಾಗ ಅವಳು ಸೈಕಲನ್ನು ಒಂದು ಜಾಲಿಮರಕ್ಕೆ ಒರಗಿಸಲು ಹೇಳಿದಳು. "ಟೋಪೀನೂ ತೆಗ್ದು ಅಲ್ಲೇ ಇಕ್ಕು. ಅದ್ರ ನೆರಳು ಕಂಡ್ರೇ ಅವಳು ಸರಿಯಾಗಿ ನಿಂತ್ಕೋತಾಳೆ," ಎಂದಳು. ಟೋಪಿಯನ್ನು ಸೈಕಲ್ಲಿನ ಹಿಡಿಗೆ ಸಿಕ್ಕಿಸಿ ಬರಿದಲೆಯಲ್ಲಿ ಹೋದೆ.

ರೊಪ್ಪದ ಹಿಂಭಾಗದಲ್ಲಿ, ತಡಿಕೆಯ ಸಂದಿಯಿಂದ ಒಳಗೆ ಕಾಣುವ ಜಾಗದಲ್ಲಿ ನನ್ನನ್ನು ಕೂರಿಸಿದಳು. ತಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ಉಣ್ಣೆಯನ್ನು ನನ್ನ ಮಡಿಲಿಗೆ ಹಾಕಿದಳು. ಗಂಟು, ಕಸ, ಮುಳ್ಳು ಸೇರಿದ ಕರಿ ಉಣ್ಣೆ.

"ಇದ ಬಿಡಿಸ್ತಾ ಕೂತ್ಕೋ. ಕೈಗೆ ಕೆಲ್ಸ ಇರಲಿ. ಕಣ್ಣಿಟ್ಟು ನೋಡಬ್ಯಾಡ, ಆಗೀಗ ನೋಡು."

"ಯಾಕೆ ಅಜ್ಜಿ?"

"ತೋಳ ಬಂದಾಗ ಮಂದೇನ ಹೆಂಗೆ ನೋಡ್ತದೆ? ಯಾವ್ದು ಕುಂಟ್ತದೆ, ಯಾವ್ದು ಹಿಂದೆ ಬೀಳ್ತದೆ ಅಂತ ನೋಡ್ತದೆ. ಅದಕ್ಕೇ ಕುರಿ ನೋವ ಯಾರಿಗೂ ತೋರಿಸಾಕಿಲ್ಲ. ನೀನು ಒಳ್ಳೇವನೇ ಇರಬೌದು. ಅವಳ ಪಾಲಿಗೆ ನಿನ್ನ ಕಣ್ಣೂ ತೋಳನ ಕಣ್ಣೇಯ."

ಉಣ್ಣೆ ಬಿಡಿಸುತ್ತಾ ಕೂತೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಕುರಿ ನಿಂತಿತ್ತು, ಇನ್ನೊಂದು ಕುರಿ ಮಲಗಿ ಮೆಲುಕು ಹಾಕುತ್ತಿತ್ತು. ಆಮೇಲೆ, ಸುತ್ತ ಯಾರೂ ಇಲ್ಲವೆಂದು ಅದಕ್ಕೆ ಖಾತ್ರಿಯಾದ ಮೇಲೆ, ನನ್ನ ಕುರಿ ಬೇರೆಯೇ ಕುರಿಯಾಯಿತು. ಮೊದಲು ತಲೆ ಇಳಿಯಿತು, ಭುಜಕ್ಕಿಂತ ಕೆಳಗೆ. ಕಿವಿಗಳು ಹಿಂದಕ್ಕೆ ಸರಿದು ಜೋತುಬಿದ್ದವು. ಕಣ್ಣು ಅರ್ಧ ಮುಚ್ಚಿತು. ಬಲಗಡೆಯ ಹಿಂಗಾಲನ್ನು ನೆಲಕ್ಕೆ ತಾಕಿಯೂ ತಾಕದಂತೆ ಎತ್ತಿ ಹಿಡಿಯಿತು. ಮಲಗಲೆಂದು ಮುಂಗಾಲು ಮಡಿಚಿತು, ಅರ್ಧಕ್ಕೆ ನಿಲ್ಲಿಸಿ ಮತ್ತೆ ಎದ್ದಿತು. ಮತ್ತೆ ಮಡಿಚಿತು, ಮತ್ತೆ ಎದ್ದಿತು. ಆಗ ನನಗೊಂದು ಸದ್ದು ಕೇಳಿಸಿತು. ಬೀಸುವ ಕಲ್ಲನ್ನು ದೂರದಲ್ಲೆಲ್ಲೋ ಮೆಲ್ಲಗೆ ತಿರುಗಿಸಿದ ಹಾಗೆ.

"ಏನದು?" ಎಂದು ಪಿಸುಗುಟ್ಟಿದೆ.

"ಹಲ್ಲು ಕಡೀತಾವ್ಳೆ," ಎಂದಳು ಅಜ್ಜಿ. "ರಾತ್ರಿ ಹಗಲು ಕಡೀತಾವ್ಳೆ. ನೀನು ಬಂದಾಗ ನಿಲ್ಲಿಸ್ತಾಳೆ."

ಆಮೇಲೆ ಅವಳು ನನಗೆ ನೋಡಲು ಹೇಳಿಕೊಟ್ಟಳು. "ಮೊದ್ಲು ಆ ಕುರಿ ನೋಡು, ಆಮೇಲೆ ಇವಳ ನೋಡು," ಎನ್ನುತ್ತಿದ್ದಳು. ಆ ಕುರಿಯ ಮೂಗಿನ ಹೊಳ್ಳೆ ಸಡಿಲವಾಗಿ ದುಂಡಗಿತ್ತು, ಇವಳದು ಬಿಗಿದುಕೊಂಡು ಕೆಳಗೆ ಚೂಪಾಗಿತ್ತು. ಆ ಕುರಿಯ ಕೆನ್ನೆ ಅಲ್ಲಾಡುತ್ತಿತ್ತು, ನುಂಗಿದ ಮೇಲೆ ಇನ್ನೊಂದು ತುತ್ತು ಕತ್ತಿನಲ್ಲಿ ಮೇಲಕ್ಕೆ ಉರುಳಿ ಬರುವುದು ಕಾಣುತ್ತಿತ್ತು. ಇವಳ ಕೆನ್ನೆ ಗಟ್ಟಿಯಾಗಿ ನಿಂತುಬಿಟ್ಟಿತ್ತು. ಮರಿ ಬಂದು ಬಲಗಡೆಯಿಂದ ಕೆಚ್ಚಲಿಗೆ ಮೂತಿ ಹಾಕಿತು. ಕುರಿ ಸರಿದುಕೊಂಡಿತು. ಮರಿ ಸುತ್ತಿ ಬಂತು, ಮತ್ತೆ ಸರಿದುಕೊಂಡಿತು. ಒದೆಯಲಿಲ್ಲ, ಗದರಲಿಲ್ಲ. ಒಂದೊಂದೇ ಹೆಜ್ಜೆ ದೂರ ಸರಿಯಿತು, ಅಷ್ಟೆ. ಮರಿಯ ಬಾಲವನ್ನು ಮೂಸಲೂ ಇಲ್ಲ.

ಉಣ್ಣೆ ಬಿಡಿಸುತ್ತಿದ್ದ ನನ್ನ ಕೈ ನಿಂತುಹೋಗಿತ್ತು.

ಯಾಕೋ ನನಗೆ ನನ್ನ ತಾಯಿಯ ನೆನಪಾಯಿತು. ನಾನು ಮದ್ರಾಸಿನಲ್ಲಿ ಕೊನೆಯ ವರ್ಷ ಓದುತ್ತಿದ್ದಾಗ ರಜೆಗೆ ಮನೆಗೆ ಬಂದಿದ್ದೆ. ಹತ್ತು ದಿನ ಇದ್ದೆ. ಅಷ್ಟು ದಿನವೂ ಅವಳು ಓಡಾಡಿಕೊಂಡೇ ಇದ್ದಳು. ಒಬ್ಬಟ್ಟು ಮಾಡಿದಳು, ಬಾವಿಯಿಂದ ನೀರು ಸೇದಿದಳು, ಎದುರು ಕೂತು ಊಟಕ್ಕೆ ಬಡಿಸಿದಳು. ನೀನೂ ಕೂತುಕೋ ಎಂದರೆ ಆಮೇಲೆ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಮರೆತ ಪುಸ್ತಕಕ್ಕೆಂದು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಾಗ, ಅವಳು ಒಲೆಯ ಪಕ್ಕದ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ನನ್ನ ಹೆಜ್ಜೆ ಕೇಳಿ ತಿರುಗಿದಳು, ತಿರುಗುವಷ್ಟರಲ್ಲಿ ಮುಖ ಸರಿಯಾಗಿತ್ತು. "ಹೊಗೆ ಕಣೋ," ಎಂದಳು. ನಾನು ಪುಸ್ತಕ ತೆಗೆದುಕೊಂಡು ಹೋದೆ. ಎರಡು ತಿಂಗಳ ಮೇಲೆ ತಂತಿ ಬಂತು. ಹೊಟ್ಟೆಯಲ್ಲಿ ಗಡ್ಡೆ ಇತ್ತಂತೆ, ವರ್ಷದಿಂದ ಇತ್ತಂತೆ. ದನಗಳ ಹೊಟ್ಟೆಯ ಬೇನೆಯ ವಿಷಯದಲ್ಲಿ ಆ ವರ್ಷದ ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು.

ಇದನ್ನು ಅಜ್ಜಿಗೆ ಹೇಳಲಿಲ್ಲ. ಮುಖ ಒರೆಸಿಕೊಂಡೆ. ಉಣ್ಣೆಯ ಎಳೆ ಕಣ್ಣಿಗೆ ಹೋಯಿತೆಂದು ಅವಳು ಅಂದುಕೊಂಡಳೋ ಏನೋ, ಸೆರಗಿನ ತುದಿಯನ್ನು ನನ್ನ ಕಡೆಗೆ ಚಾಚಿದಳು.

"ಎಲ್ಲಿ ನೋಯ್ತಿದೆ ಅಂತ ನಿಮಗೆ ಗೊತ್ತಾ ಅಜ್ಜಿ?" ಎಂದು ಕೇಳಿದೆ.

"ಹೊಲಿಗೇದು ಇದ್ದೇ ಇರ್ತದೆ. ಆದ್ರೆ ಮಲಗಾಕೆ ಬಿಡದೇ ಇರೋದು ಆ ಪಟ್ಟಿ. ಮಡಿಚ್ದಾಗೆಲ್ಲ ಅಲ್ಲೇ ನಿಲ್ತಾಳೆ, ನೋಡಿದ್ಯಾ?"

"ನಿನ್ನೆಯೇ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲವಲ್ಲಪ್ಪ," ಎಂದಳು. ಮಾತಿನಲ್ಲಿ ಕೊಂಕು ಇರಲಿಲ್ಲ.

ಒಳಗೆ ಹೋಗಿ ಕುರಿಯನ್ನು ಹಿಡಿದು ಪಟ್ಟಿ ಬಿಚ್ಚಿದೆ. ಖಾಕಿ ಬಟ್ಟೆಯ ಅಂಚು ತೊಡೆಯ ಸಂದಿಯಲ್ಲಿ ಕೆಚ್ಚಲಿನ ಮುಂದೆ ಚರ್ಮ ಸುಲಿದು ಹಸಿ ಮಾಡಿತ್ತು. ಹೊಲಿಗೆಯ ಕೆಳತುದಿಯಲ್ಲಿ ಎರಡು ದಾರಗಳ ಸುತ್ತ ಚರ್ಮ ಕೆಂಪಾಗಿ ಬಿಗಿದು ಒಳಗೆ ಕೀವು ಕಟ್ಟುತ್ತಿತ್ತು. ಪಟ್ಟಿಯ ಕೆಳಗೆ ಅದು ಯಾರಿಗೂ ಕಾಣುವಂತಿರಲಿಲ್ಲ. ಇನ್ನೆರಡು ದಿನ ಬಿಟ್ಟಿದ್ದರೆ ವಿಷ ಒಳಗಿಳಿಯುತ್ತಿತ್ತು. ಆ ಎರಡು ಹೊಲಿಗೆ ಬಿಚ್ಚಿ ಕೀವು ತೆಗೆದು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬಹಳ ಹೊತ್ತು ಕಾವು ಕೊಟ್ಟೆವು. ಸುಲಿದ ಜಾಗಕ್ಕೆ ಅಜ್ಜಿ ಬೆಣ್ಣೆ ಹಚ್ಚಿದಳು. ನಾನು ಬೇಡವೆನ್ನಲಿಲ್ಲ.

ಅಷ್ಟಾದರೂ ಹಲ್ಲು ಕಡಿಯುವುದು ನಿಲ್ಲಲಿಲ್ಲ. ಈಗ ನನ್ನೆದುರಿಗೇ ಕಡಿಯುತ್ತಿತ್ತು. ಮುಚ್ಚಿಟ್ಟುಕೊಳ್ಳುವ ಶಕ್ತಿಯೂ ಹೋಗಿತ್ತು ಎಂದು ನನಗೆ ಅನಿಸಿತು.

ಸೈಕಲ್ ತುಳಿದು ಆಸ್ಪತ್ರೆಗೆ ಬಂದೆ. ನೋವು ತಗ್ಗಿಸುವ ಔಷಧಿ ಎಂದು ನಮ್ಮಲ್ಲಿದ್ದದ್ದು ಅಫೀಮಿನ ಅರ್ಕ ಒಂದೇ. ಹೊಟ್ಟೆನೋವಿನ ಕುದುರೆಗಳಿಗೆಂದು ಅದನ್ನು ಬೀರುವಿನಲ್ಲಿ ಬೀಗ ಹಾಕಿಡುತ್ತಿದ್ದೆವು. ಬೀಗದ ಕೈ ಕಾಂಪೌಂಡರ ಸೊಂಟದಲ್ಲಿತ್ತು.

"ಯಾವ ಕುದುರೆಗೆ ಸಾರ್?"

"ಕುದುರೆಗಲ್ಲ. ಆ ಕುರಿಗೆ."

ಅವರು ಬೀಗದ ಕೈಯನ್ನು ಹಿಡಿದುಕೊಂಡೇ ನಿಂತರು. "ಕುರಿಗಾ? ಇಷ್ಟು ವರ್ಷದಲ್ಲಿ ಯಾರೂ ಕುರಿಗೆ ಕೊಟ್ಟಿದ್ದು ನೋಡಿಲ್ಲ ನಾನು. ಅದಕ್ಕೆ ನೋವಿದೆ ಅಂತ ನಿಮಗೆ ಹೇಳಿದ್ಯಾರು? ಕುರೀನ ಕೇಳಿ ಮಸಾಲೆ ಅರೆದ ಹಾಗಾಯ್ತು ಇದು."

"ಕೇಳಿಕೊಂಡೇ ಬಂದೆ," ಎಂದೆ.

ಅವರು ನನ್ನ ಮುಖ ನೋಡಿದರು. ಬೀರು ತೆಗೆದರು. ಕುರಿಯ ತೂಕ ಕೇಳಿ, ಕುದುರೆಯ ಅಳತೆಯಿಂದ ಲೆಕ್ಕ ಹಾಕಿ, ಅದರಲ್ಲಿ ಇನ್ನೂ ಸ್ವಲ್ಪ ಕಡಿಮೆ ಮಾಡಿ ತಾವೇ ಸಣ್ಣ ಸೀಸೆಗೆ ಅಳೆದು ಕೊಟ್ಟರು. "ಹೆಚ್ಚಾದ್ರೆ ಹೊಟ್ಟೆ ಕಟ್ಟುತ್ತೆ ಸಾರ್, ಹುಷಾರು," ಎಂದರು.

ಹೊತ್ತು ಇಳಿಯುವ ಮೊದಲೇ ವಾಪಸು ಹೋಗಿ, ರಾಗಿ ಗಂಜಿಯ ತಿಳಿಯಲ್ಲಿ ಬೆರೆಸಿ ಕುಡಿಸಿದೆವು. ಮತ್ತೆ ತಡಿಕೆಯ ಹಿಂದೆ ಕೂತೆವು. ನಾನು ಕೇಳದೆಯೇ ಅಜ್ಜಿ ಉಣ್ಣೆ ಕೊಟ್ಟಳು. ಮಂದೆ ಬಯಲಿನಿಂದ ಬರುವ ಹೊತ್ತಿಗೆ ಹಲ್ಲಿನ ಸದ್ದು ನಿಂತಿತು. ಕುರಿ ಮುಂಗಾಲು ಮಡಿಚಿತು, ನಿಲ್ಲಲಿಲ್ಲ, ಹಿಂಗಾಲೂ ಮಡಿಚಿತು. ಗದ್ದವನ್ನು ನೆಲಕ್ಕಿಟ್ಟು ಒಂದು ದೊಡ್ಡ ಉಸಿರು ಬಿಟ್ಟಿತು.

"ಮೂರು ದಿನ ಆಯ್ತು," ಎಂದಳು ಅಜ್ಜಿ. "ಇಷ್ಟೊತ್ತಿಗೆ ಮಲಗಿದ್ಲು."

ಕುರಿ ಗುಣವಾಯಿತು ಎಂದು ನಾನು ಅಂದುಕೊಂಡೆ. ಅಜ್ಜಿ ಅಂದುಕೊಳ್ಳಲಿಲ್ಲ. ಮೆಲುಕು ಹಾಕುವವರೆಗೂ ಕುರಿ ಬದುಕಿದೆ ಎಂದು ಅವಳು ಒಪ್ಪುತ್ತಿರಲಿಲ್ಲ. ನಾಲ್ಕನೆಯ ದಿನ ಕಿವಿ ಸ್ವಲ್ಪ ಮೇಲೆ ಬಂತು, ಮೆಲುಕು ಬರಲಿಲ್ಲ. ಐದನೆಯ ದಿನ ಕಾಲು ಊರಿತು, ಆದರೂ ಬರಲಿಲ್ಲ. ಮೇವನ್ನು ಮೂಸಿ ಬಿಡುತ್ತಿತ್ತು. ಹೊಟ್ಟೆಯ ಎಡಗಡೆ ಕಿವಿಯಿಟ್ಟು ಕೇಳಿದರೆ ಗುಡುಗುಡು ಇಲ್ಲ, ಪಾಳುಬಾವಿಯ ಹಾಗೆ ನಿಶ್ಶಬ್ದ. ಅಫೀಮು ಹೊಟ್ಟೆ ಕಟ್ಟಿತೇ ಎಂಬ ಭಯ ನನಗೆ. ದಿನವೂ ಕೊಡುತ್ತಿದ್ದ ಅದನ್ನು ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಮತ್ತೆ ಹಲ್ಲು ಕಡಿದರೆ ಏನು ಮಾಡುವುದು ಎಂಬ ಭಯ ಬೇರೆ. ಕಡಿಯಲಿಲ್ಲ. ಅಷ್ಟು ಪುಣ್ಯ.

ಆ ದಿನಗಳಲ್ಲಿ ನನ್ನ ಪುಸ್ತಕದ ಬರವಣಿಗೆ ಬದಲಾಯಿತು. ಜ್ವರ, ನಾಡಿ ಬರೆದು, ಅದರ ಕೆಳಗೆ ಕಿವಿ, ಕಣ್ಣು, ಹೊಳ್ಳೆ, ಕೆನ್ನೆ, ಕಾಲು, ಮರಿ ಎಂದು ಬರೆದುಕೊಳ್ಳುತ್ತಿದ್ದೆ. ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಎಂದು ಅಜ್ಜಿಯನ್ನು ಕೇಳುತ್ತಿದ್ದೆ. ಅವಳು ಕುರಿಯ ಕಡೆ ನೋಡದೆಯೇ ಹೇಳುತ್ತಿದ್ದಳು. ಒಮ್ಮೊಮ್ಮೆ ನಾನು ಮೊದಲು ಹೇಳುತ್ತಿದ್ದೆ, ಅವಳು ತಿದ್ದುತ್ತಿದ್ದಳು. "ಕಿವಿ ಜೋತುಬಿದ್ರೆಲ್ಲ ನೋವಲ್ಲ ಕಣಪ್ಪ. ಬಿಸಿಲಿಗೂ ಬೀಳ್ತದೆ, ನಿದ್ದೆಗೂ ಬೀಳ್ತದೆ. ಒಂದೇ ಗುರುತು ಹಿಡ್ಕೊಂಡು ತೀರ್ಮಾನ ಮಾಡಬ್ಯಾಡ. ಪೂರಾ ಮುಖ ನೋಡು." ದೊಡ್ಡ ಪಂಡಿತರು ತರಗತಿಯಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಿದ್ದು ನನಗೆ ನೆನಪಿಲ್ಲ. ಮರಿಗೆ ಮಾತ್ರ ಅವಳು ಬೇರೆ ಕುರಿಯ ಹಾಲು ಕರೆದು, ಬಟ್ಟೆಯ ಬತ್ತಿ ಅದ್ದಿ ಚೀಪಿಸುತ್ತಿದ್ದಳು. ತಾಯಿಯ ಪಕ್ಕದಲ್ಲಿಯೇ ಕೂತು ಚೀಪಿಸುತ್ತಿದ್ದಳು, ಮರಿಯ ವಾಸನೆ ತಾಯಿಗೆ ಮರೆತುಹೋಗದಿರಲಿ ಎಂದು.

ಐದನೆಯ ದಿನ ಮಧ್ಯಾಹ್ನ ಕಾಂಪೌಂಡರೂ ಬಂದಿದ್ದರು. ಅವರೆದುರಿಗೇ ಅಜ್ಜಿ ಜೊತೆಯ ಕುರಿಯ ಹತ್ತಿರ ಹೋಗಿ ಅದರ ಕತ್ತನ್ನೇ ನೋಡುತ್ತಾ ಕಾದಳು. ತುತ್ತು ಮೇಲೆ ಬಂದ ಕ್ಷಣಕ್ಕೆ ಬಾಯಿಗೆ ಬೆರಳು ಹಾಕಿ ಆ ಮೆಲುಕಿನ ಉಂಡೆಯನ್ನು ತೆಗೆದಳು. ಹಸಿರಾಗಿ, ಬಿಸಿಯಾಗಿ, ಜೊಲ್ಲು ಸೋರುತ್ತಿತ್ತು. ಅದನ್ನು ತಂದು ನಮ್ಮ ಕುರಿಯ ಬಾಯಿಗಿಟ್ಟು, ನುಂಗುವವರೆಗೂ ಗದ್ದ ಎತ್ತಿ ಹಿಡಿದಳು.

"ಥೂ," ಎಂದರು ಕಾಂಪೌಂಡರು ಮೆಲ್ಲಗೆ.

"ಒಲೆ ಆರಿದ್ರೆ ಪಕ್ಕದ ಮನೆಯಿಂದ ಕೆಂಡ ತರಾಕಿಲ್ವೇನಪ್ಪ?" ಎಂದಳು ಅಜ್ಜಿ. ಸಂಜೆ ಇನ್ನೊಮ್ಮೆ ಕೊಟ್ಟಳು.

ಆರನೆಯ ದಿನ ಬೆಳಿಗ್ಗೆ, ಸೈಕಲನ್ನು ಜಾಲಿಮರಕ್ಕೆ ಒರಗಿಸಿ, ಟೋಪಿ ತೆಗೆದಿಟ್ಟು, ಹಿಂದಿನಿಂದ ಬಂದು ನನ್ನ ಜಾಗದಲ್ಲಿ ಕೂತೆ. ಅಜ್ಜಿ ಆಗಲೇ ಇದ್ದಳು. ಎಳೆಬಿಸಿಲು ತಡಿಕೆಯಿಂದ ಪಟ್ಟೆಪಟ್ಟೆಯಾಗಿ ಒಳಗೆ ಬಿದ್ದಿತ್ತು. ಕುರಿ ಮಲಗಿತ್ತು. ಕಿವಿಗಳು ಅಡ್ಡಲಾಗಿ, ಸಡಿಲವಾಗಿದ್ದವು. ಮೂಗಿನ ಹೊಳ್ಳೆ ದುಂಡಗಿತ್ತು. ಅದರ ಕತ್ತಿನಲ್ಲಿ ಏನೋ ಉರುಳಿ ಮೇಲಕ್ಕೆ ಹೋದದ್ದು ಕಂಡಿತು. ಆಮೇಲೆ ದವಡೆ ಒಂದು ಸಲ ಎಡಕ್ಕೆ ಹೋಗಿ ಬಂತು. ನಿಂತಿತು. ಮತ್ತೆ ಹೋಗಿ ಬಂತು.

ಎಣಿಸಿದೆ. ಹನ್ನೊಂದು ಸಲ ಅಗಿದು ನುಂಗಿತು. ಜೊತೆಯ ಕುರಿ ಐವತ್ತು ಅರವತ್ತು ಸಲ ಅಗಿಯುತ್ತಿತ್ತು. ಹನ್ನೊಂದೇ ಸಾಕಾಗಿತ್ತು ನಮಗೆ. ಪಕ್ಕಕ್ಕೆ ನೋಡಿದರೆ ಅಜ್ಜಿಯ ಕದಿರು ನೆಲದ ಮೇಲೆ ಬಿದ್ದಿತ್ತು. ಅವಳು ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅವಳ ಕೈ ಖಾಲಿ ಇದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸ್ವಲ್ಪ ಹೊತ್ತಿಗೆ ಮರಿ ಬಂದು ಮೂತಿಯಿಂದ ತಾಯಿಯನ್ನು ತಿವಿಯಿತು. ಕುರಿ ಎದ್ದು ನಿಂತಿತು. ಮರಿ ಬಲಗಡೆಯಿಂದಲೇ ಕೆಚ್ಚಲಿಗೆ ಹೋಯಿತು. ತಾಯಿಯ ಚರ್ಮ ಒಂದು ಸಲ ನಡುಗಿತು, ಆದರೆ ಸರಿಯಲಿಲ್ಲ. ಕತ್ತು ತಿರುಗಿಸಿ ಮರಿಯ ಬಾಲ ಮೂಸಿತು. ಮರಿಯ ಬಾಲ ಪಟಪಟನೆ ಆಡತೊಡಗಿತು.

"ಇವಾಗ ಬರ್ಕೋ ನಿನ್ನ ಪುಸ್ತಕದಾಗೆ," ಎಂದಳು ಅಜ್ಜಿ.

ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದೆ. ಆಮೇಲೆ ಆ ಕುರಿ ಎರಡು ಸೂಲು ಈಯಿತು ಎಂದು ಕೇಳಿದ್ದೇನೆ. ಒಂದು ವರ್ಷದ ಮೇಲೆ ನನಗೆ ದೊಡ್ಡಬಳ್ಳಾಪುರದ ಕಡೆಗೆ ವರ್ಗವಾಯಿತು. ಅಜ್ಜಿಗೆ ಹೇಳಿಬರಲು ಹೋದಾಗ ಅವಳು ಮಗನ ಜೊತೆ ಯಾವುದೋ ಊರಿಗೆ ಹೋಗಿದ್ದಳು. ಮತ್ತೆ ನೋಡಲಾಗಲಿಲ್ಲ.

ಅವಳು ಕಲಿಸಿದ್ದರಿಂದ ನಾನು ದೊಡ್ಡ ವೈದ್ಯನೇನೂ ಆಗಲಿಲ್ಲ. ನೋವು ಕಂಡರೂ ತಗ್ಗಿಸಲು ನಮ್ಮ ಬಳಿ ಆಗ ಹೆಚ್ಚು ಏನೂ ಇರಲಿಲ್ಲ. ಅಫೀಮಿನ ಅರ್ಕವನ್ನು ಮೂವತ್ತು ನಲವತ್ತು ಮರಿಗಳಿಗೆ ಕೊಡುವಂತಿರಲಿಲ್ಲ. ಆದರೆ ಕಂಡದ್ದನ್ನು ಕಾಣಲಿಲ್ಲ ಎನ್ನುವುದೂ ಆಗುತ್ತಿರಲಿಲ್ಲ. ಬೀಜ ಒಡೆದ ಮರಿಗಳನ್ನು ಅಂದೇ ದೂರ ಮೇಯಿಸಲು ಹೊಡೆಯಬೇಡಿ, ಒಣಹುಲ್ಲು ಹಾಸಿ, ತಾಯಂದಿರ ಹತ್ತಿರ ಬಿಡಿ ಎಂದು ಹೇಳತೊಡಗಿದೆ. ಜೋಮು ಹಿಡಿಸುವ ಸೂಜಿ ಇದ್ದಷ್ಟು ದಿನ ಹಾಕಿದೆ. ಕೆಲಸ ಮುಗಿದ ಮೇಲೆ ಹೊರಟುಬಿಡುವುದನ್ನು ಬಿಟ್ಟೆ.

ದೊಡ್ಡಬಳ್ಳಾಪುರದ ಕಡೆ ಬಂದ ಮೊದಲ ವರ್ಷ, ಒಂದು ದೊಡ್ಡ ಮಂದೆಯ ಮರಿಗಳ ಕೆಲಸ ಮುಗಿಸಿ, ಕೈ ತೊಳೆದು, ರೊಪ್ಪದ ಹಿಂದೆ ಒಂದು ಕಲ್ಲಿನ ಮೇಲೆ ಕೂತಿದ್ದೆ. ಮರಿಗಳು ಓಡಿಹೋಗಿ ಮಂದೆ ಸೇರಿದ್ದವು. ಸ್ವಲ್ಪ ಹೊತ್ತಾದ ಮೇಲೆ ಒಂದೊಂದಾಗಿ ಹಿಂಗಾಲು ಅಗಲಿಸಿ, ಬಾಲ ಅದುರಿಸುತ್ತಾ, ಗೋಡೆಯ ಕಡೆ ಮುಖ ಮಾಡಿ ನಿಲ್ಲತೊಡಗಿದ್ದವು. ಕುರಿಗಳ ಯಜಮಾನ ಒಂದು ಲೋಟ ಮಜ್ಜಿಗೆ ತಂದವನು ನನ್ನನ್ನು ಅಲ್ಲಿ ಕಂಡು ಗಾಬರಿಯಾದ.

"ಯಾಕೆ ಸ್ವಾಮಿ ಇಲ್ಲಿ ಕುಂತಿದೀರಿ? ಏನಾರ ತಪ್ಪಾಯ್ತಾ?"

"ಏನಿಲ್ಲಪ್ಪ," ಎಂದೆ. "ಸುಮ್ನೆ."

ಅವನು ಮಜ್ಜಿಗೆ ಕೊಟ್ಟು, ಸ್ವಲ್ಪ ಹೊತ್ತು ನಿಂತ. ಆಮೇಲೆ ತಾನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.